ಮೊದಲು ರೊಟ್ಟಿ, ಆಮೇಲೆ ದಾರಿ



ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ದಾಟಿ, ಬೆವರು ಒರೆಸಿಕೊಳ್ಳುತ್ತಾ ಈ ಗುಡ್ಡದ ಮೇಲೆ ಬಂದಿದ್ದೀರಿ. ದೇವರು ನಿಮ್ಮ ಬರುವಿಕೆಯನ್ನು ಆಶೀರ್ವದಿಸಲಿ. ಈ ಸಣ್ಣ ಪುಸ್ತಿಕೆ ಕೈಯಲ್ಲಿ ಹಿಡಿದಿದ್ದೀರಿ ಅಂದಮೇಲೆ ಎಲ್ಲೋ ಒಂದು ಕಟ್ಟೆಯ ಮೇಲೆ ನೆರಳಿಗೆ ಕುಳಿತಿದ್ದೀರಿ ಎಂದು ತಿಳಿಯುತ್ತೇನೆ. ಮೊದಲು ಒಂದು ತಂಬಿಗೆ ನೀರು ಕುಡಿಯಿರಿ. ಆಮೇಲೆ ಓದಿರಿ.

ನಾನು ಪ್ರಸಂಗ ಮಾಡುವ ಗುರುವಲ್ಲ. ಇಲ್ಲಿನ ಕಛೇರಿಯಲ್ಲಿ ಪೂಜೆಯ ಕೋರಿಕೆ ಬರೆದುಕೊಂಡು ರಸೀದಿ ಹರಿದುಕೊಡುವ ಗುಮಾಸ್ತ. ಪಿಯುಸಿ ತನಕ ಓದಿದವನು. ಕಿಟಕಿಯ ಸರಳುಗಳ ಆಚೆ ನಿಂತ ನಿಮ್ಮಲ್ಲಿ ಅನೇಕರ ಮುಖ ನನಗೆ ಪರಿಚಯ. ರೋಣದವರು, ನರಗುಂದದವರು, ಗಜೇಂದ್ರಗಡ, ನರೇಗಲ್ಲ ಕಡೆಯವರು ಬರುತ್ತೀರಿ. ಯೇಸುಸ್ವಾಮಿಯ ಸಭೆಗೆ ಸೇರಿದವರೂ ಬರುತ್ತೀರಿ, ಸೇರದವರೂ ಬರುತ್ತೀರಿ. ನಿಮ್ಮ ಕೋರಿಕೆಗಳು ಬಹುಮಟ್ಟಿಗೆ ಒಂದೇ ತರಹ: ಮಗಳಿಗೆ ವರ ಕೂಡಿಬರಲಿ, ಮಗ ಪರೀಕ್ಷೆ ಪಾಸಾಗಲಿ, ಬೋರಿಗೆ ನೀರು ಬೀಳಲಿ, ಕಡಲೆಗೆ ರೇಟು ಸಿಗಲಿ.

ಒಮ್ಮೆ ನರಗುಂದ ಕಡೆಯ ಒಬ್ಬ ತಾಯಿ ಬಂದರು. ಗಂಡ ತೀರಿ ಎರಡು ತಿಂಗಳಾಗಿತ್ತು. "ಏನಂತ ಬರಕೊಳ್ಳಲವ್ವಾ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನೆ ನಿಂತರು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಹೇಳಿದರು: "ಅಣ್ಣಾರ, ಏನ್ ಬೇಡಕೊಳ್ಳೂದ್ರೀ? ಹೋದವರು ಬರೂದಿಲ್ಲ. ಬರೇ ಧೈರ್ಯ ಅಂತ ಬರಕೋರಿ."

ನಾನು ರಿಜಿಸ್ಟರಿನಲ್ಲಿ ಆ ಒಂದು ಶಬ್ದ ಬರೆದೆ. ಬರೆದಮೇಲೆ ನನಗೇ ಪ್ರಶ್ನೆ ಹುಟ್ಟಿತು. ಧೈರ್ಯ ಅಂದರೇನು? ಕಳೆದುಕೊಂಡವನಿಗೆ ಅದು ಎಲ್ಲಿಂದ ಬರುತ್ತದೆ? ಬೈಬಲ್ ಇದಕ್ಕೆ ಏನು ಹೇಳುತ್ತದೆ? ಈ ಸಲದ ಪುಸ್ತಿಕೆಗೆ ನಾಲ್ಕು ಮಾತು ಬರೆ ಎಂದು ಗುರುಗಳು ಹೇಳಿದಾಗ ಆ ತಾಯಿಯ ಕೋರಿಕೆಯೇ ನೆನಪಾಯಿತು. ಅದಕ್ಕೆ ಉತ್ತರ ಹುಡುಕಿ ಇದನ್ನು ಬರೆದಿದ್ದೇನೆ.

ನನ್ನ ಮನೆಯ ಮಾತು

ನಾನು ಹುಟ್ಟಿದ್ದು ರೋಣ ತಾಲ್ಲೂಕಿನ ಹೊಳೆಸಾಲಿನ ಒಂದು ಊರಲ್ಲಿ. ಮಲಪ್ರಭೆ ನಮಗೆ ತಾಯಿ. ಆದರೆ 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಸುರಿದ ಮಳೆಗೆ ಆ ತಾಯಿ ಮನೆಯೊಳಗೇ ಬಂದಳು. ಆ ಮಳೆ, ಪ್ರವಾಹಗಳಿಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಮಣ್ಣಿನ ಮನೆಗಳು ನೀರಲ್ಲಿ ನೆಂದು ಸಕ್ಕರೆಯ ಹಾಗೆ ಕರಗಿದವು. ನಮ್ಮ ಮನೆಯ ಹಗೇವಿನಲ್ಲಿದ್ದ ಜೋಳ ಕೊಳೆತು ನಾರಿತು. ಅವ್ವನ ಒಲೆ ಇದ್ದ ಜಾಗದಲ್ಲಿ ಒಂದು ಮೊಳ ರಾಡಿ. ಆಮೇಲೆ ಸರ್ಕಾರದವರು, ದಾನಿಗಳು ಸೇರಿ ಎತ್ತರದ ಜಾಗದಲ್ಲಿ "ಆಸರೆ" ಮನೆಗಳನ್ನು ಕಟ್ಟಿಸಿದರು. ಊರು ಹೋಯಿತು, ನಂಬರು ಹಾಕಿದ ಮನೆ ಬಂತು.

2019ರ ಆಗಸ್ಟ್ ತಿಂಗಳಲ್ಲಿ ಮತ್ತೆ ಹೊಳೆ ತುಂಬಿತು. ನವಿಲುತೀರ್ಥದ ನೀರು, ಬೆಣ್ಣಿಹಳ್ಳದ ನೀರು ಕೂಡಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಕಡೆಯ ಜನ ಮತ್ತೆ ಗಂಟುಮೂಟೆ ಕಟ್ಟಿದರು. ಅದನ್ನು ಕಂಡವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ.

2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೆಯ ಅಲೆಯಲ್ಲಿ, ನನ್ನ ಮನೆಯವಳು ತೀರಿಕೊಂಡಳು. ಮಣ್ಣಿಗೆ ಬಂದವರು ಐದಾರು ಮಂದಿ. ಮುಖ ಪೂರ್ತಿ ನೋಡಲಿಕ್ಕೂ ಆಗಲಿಲ್ಲ. ಸಾವಿರಾರು ಸತ್ತವರ ಹೆಸರನ್ನು ಕೋರಿಕೆಯ ರಿಜಿಸ್ಟರಿನಲ್ಲಿ ಬರೆದ ಈ ಕೈ, ಅವಳ ಹೆಸರು ಬರೆಯುವಾಗ ಎರಡನೆಯ ಅಕ್ಷರಕ್ಕೇ ನಿಂತಿತು. ಇದನ್ನು ನನ್ನ ದುಃಖ ದೊಡ್ಡದೆಂದು ತೋರಿಸಲು ಹೇಳುತ್ತಿಲ್ಲ. ಕಿಟಕಿಯ ಆಚೆ ನಿಂತ ನಿಮ್ಮ ಹಾಗೆಯೇ ಕಿಟಕಿಯ ಈಚೆ ಕುಳಿತವನೂ ಕಳೆದುಕೊಂಡವನೇ ಎಂದು ನಿಮಗೆ ಗೊತ್ತಿರಲಿ, ಅಷ್ಟಕ್ಕೇ.

ಅಳುವುದು ಅವಿಶ್ವಾಸವಲ್ಲ

ನಮ್ಮ ಕಡೆ ಸತ್ತ ಮನೆಗೆ ಬಂದವರು ಗಂಡಸರಿಗೆ ಒಂದು ಮಾತು ಹೇಳುತ್ತಾರೆ: "ಗಟ್ಟಿ ಮನಸ್ಸು ಮಾಡು, ಅಳಬ್ಯಾಡ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬೈಬಲ್ ಹಾಗೆ ಹೇಳುವುದಿಲ್ಲ.

ಬೆಥಾನಿಯದ ಲಾಜರ ಸತ್ತು ನಾಲ್ಕು ದಿನವಾಗಿತ್ತು. ಯೇಸುಸ್ವಾಮಿ ಬಂದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುವುದು ಅವರಿಗೆ ಗೊತ್ತಿತ್ತು. ಆದರೂ ಅವನ ತಂಗಿ ಮರಿಯ ಅಳುವುದನ್ನು ಕಂಡು ಸ್ವಾಮಿಯೂ ಅತ್ತರು. ನೆನಪಿಡಿ, ಅದ್ಭುತ ಮಾಡುವ ಮೊದಲು ಅತ್ತರು. ಹಾಗಾದರೆ ನಮ್ಮ ಕಣ್ಣೀರಿಗೆ ದೇವರು ಸಿಟ್ಟಾಗುತ್ತಾರೆಯೇ?

ಮೋಶೆ ತೀರಿಕೊಂಡಾಗ ಇಸ್ರಯೇಲ್ ಜನ ಮೋವಾಬಿನ ಬಯಲಿನಲ್ಲಿ ಮೂವತ್ತು ದಿನ ಅತ್ತರು. ವಾಗ್ದಾನದ ನಾಡು ಹೊಳೆಯ ಆಚೆ ಕಣ್ಣಿಗೆ ಕಾಣುತ್ತಿತ್ತು. ಆದರೂ ದೇವರು ಆ ಮೂವತ್ತು ದಿನ ಅವರನ್ನು ಅವಸರ ಮಾಡಲಿಲ್ಲ. ಯೋಬನು ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳೆದುಕೊಂಡಾಗ ಅವನ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕುಳಿತರು. ಆ ಗೆಳೆಯರು ಮಾಡಿದ ಒಳ್ಳೆಯ ಕೆಲಸ ಅದೊಂದೇ! ಎಂಟನೆಯ ದಿನದಿಂದ ಬಾಯಿ ತೆರೆದರು, "ನಿನ್ನ ಪಾಪಕ್ಕೇ ಹೀಗಾಯ್ತು" ಎಂದು ಶುರು ಮಾಡಿದರು, ಕಡೆಗೆ ದೇವರಿಂದಲೇ ಬೈಸಿಕೊಂಡರು.

ಈ "ಪಾಪಕ್ಕೇ ಹೀಗಾಯ್ತು" ಎಂಬ ಮಾತು ನಮ್ಮ ಹೊಳೆಸಾಲಿನಲ್ಲೂ ಕೇಳಿಬಂತು. ಯೇಸುಸ್ವಾಮಿಯ ಕಾಲದಲ್ಲಿ ಜೆರುಸಲೇಮಿನ ಸಿಲೋವದಲ್ಲಿ ಒಂದು ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತರು. ಸ್ವಾಮಿಯೇ ಆ ಮಾತನ್ನೆತ್ತಿ ಜನರನ್ನು ಕೇಳಿದರು: ಸತ್ತವರು ಊರಲ್ಲಿ ಉಳಿದ ಎಲ್ಲರಿಗಿಂತ ಹೆಚ್ಚು ತಪ್ಪಿತಸ್ಥರೆಂದು ತಿಳಿದಿರೇನು? ಇಲ್ಲ ಎಂದು ತಾವೇ ಉತ್ತರ ಕೊಟ್ಟರು. ಉಳಿದವರು ತಮ್ಮ ತಮ್ಮ ಬಾಳನ್ನು ತಿದ್ದಿಕೊಳ್ಳಲಿ ಎಂದರು. ಆದ್ದರಿಂದ ತಾಯಂದಿರೇ, ಮಗನನ್ನು ಕಳೆದುಕೊಂಡವರಿಗೆ, ಮನೆ ಕಳೆದುಕೊಂಡವರಿಗೆ ಯಾರಾದರೂ "ನೀ ಏನೋ ಮಾಡಿರಬೇಕು" ಎಂದರೆ, ಆ ಮಾತನ್ನು ಈ ಗುಡ್ಡದ ಮೇಲೇ ಬಿಟ್ಟು ಇಳಿಯಿರಿ. ಅದು ಸ್ವಾಮಿಯ ಮಾತಲ್ಲ.

ಮೊದಲು ರೊಟ್ಟಿ

ಎಲೀಯ ಎಂಬ ಪ್ರವಾದಿ ಇದ್ದ. ರಾಜನ ಎದುರಿಗೆ ನಿಂತು ಮಾತಾಡಿದ ಗಂಡೆದೆಯವನು. ಆದರೆ ರಾಣಿ ಈಜೆಬೆಲಳು ಜೀವ ತೆಗೆಯುತ್ತೇನೆ ಎಂದು ಹೇಳಿ ಕಳುಹಿಸಿದಾಗ ಅವನ ಎದೆ ಒಡೆಯಿತು. ಬೇರ್ಷೆಬದಲ್ಲಿ ತನ್ನ ಆಳನ್ನು ಬಿಟ್ಟು ಒಬ್ಬನೇ ಒಂದು ದಿನದ ದಾರಿ ಅಡವಿಗೆ ನಡೆದ. ಒಂದು ಗಿಡದ ಕೆಳಗೆ ಕುಳಿತು, ದೇವರೇ ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡಿಕೊಂಡ. ಹಾಗೇ ಮಲಗಿಬಿಟ್ಟ.

ಆಗ ದೇವರು ಏನು ಮಾಡಿದರು? ನಾವಾಗಿದ್ದರೆ ಉಪದೇಶ ಮಾಡುತ್ತಿದ್ದೆವು. "ನೀನು ಪ್ರವಾದಿ, ನೀನೇ ಹೀಗೆ ಅಂದರೆ ಹ್ಯಾಂಗ?" ಎನ್ನುತ್ತಿದ್ದೆವು. ದೇವರು ಉಪದೇಶ ಮಾಡಲಿಲ್ಲ. ದೂತನನ್ನು ಕಳುಹಿಸಿದರು. ದೂತ ಅವನನ್ನು ಮುಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎದ್ದು ತಿನ್ನು ಎಂದ, ಅಷ್ಟೇ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಬಂದ. ಮತ್ತೆ ರೊಟ್ಟಿ. ಈ ಸಲ ಒಂದು ಮಾತು ಹೆಚ್ಚಿಗೆ ಹೇಳಿದ: ನಿನ್ನ ಮುಂದಿನ ದಾರಿ ಬಹಳ ಉದ್ದ, ತಿನ್ನದೆ ಹೋಗಲಾರೆ. ಆ ರೊಟ್ಟಿಯ ಬಲದಿಂದ ನಲವತ್ತು ದಿನ ನಡೆದು ಎಲೀಯ ದೇವರ ಬೆಟ್ಟ ಹೋರೇಬಿಗೆ ಮುಟ್ಟಿದ.

ಇದನ್ನು ಓದಿದಾಗಲೆಲ್ಲ ನಮ್ಮ ಸೀಮೆಯ ಪದ್ಧತಿ ನೆನಪಾಗುತ್ತದೆ. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು, ಬೀಗರು ರೊಟ್ಟಿಬುತ್ತಿ ತರುತ್ತಾರೆ. "ಒಂದ್ ತುತ್ತು ತಿನ್ನವ್ವಾ" ಎಂದು ಗಲ್ಲ ಹಿಡಿದು ಉಣಿಸುತ್ತಾರೆ. ನನ್ನ ಮನೆಯವಳು ಹೋದಾಗ ಯಾರೂ ಯಾರ ಮನೆಗೂ ಹೋಗದ ಕಾಲ. ಆದರೂ ಮೂರು ದಿನ ಮುಂಜಾನೆ ನನ್ನ ಬಾಗಿಲ ಹೊರಗೆ ಒಂದು ಅರಿವೆಯ ಗಂಟು ಇರುತ್ತಿತ್ತು. ಬಿಚ್ಚಿದರೆ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಮೊದಲನೆಯ ದಿನ ಅದನ್ನು ತಿನ್ನಲಿಲ್ಲ. ಎರಡನೆಯ ದಿನ ಅರ್ಧ ತಿಂದೆ. ಮೂರನೆಯ ದಿನ ಪೂರಾ ತಿಂದು, ಆ ಅರಿವೆಯನ್ನು ಒಗೆದು ಒಣಗಿಸಿ ಮಡಚಿ ಹೊರಗಿಟ್ಟೆ. ಅವಳು ಹೋದಮೇಲೆ ನಾನಾಗಿ ಮಾಡಿದ ಮೊದಲನೆಯ ಕೆಲಸ ಅದು, ಅರಿವೆ ಒಗೆದದ್ದು. ಅದಕ್ಕೆ ಧೈರ್ಯ ಎನ್ನುತ್ತಾರೆ ಎಂದು ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಹೋರೇಬಿನಲ್ಲಿ ಗಾಳಿ ಬಂತು, ಭೂಕಂಪ ಬಂತು, ಬೆಂಕಿ ಬಂತು. ದೇವರು ಅವುಗಳಲ್ಲಿ ಇರಲಿಲ್ಲ. ಕಡೆಗೆ ಒಂದು ಮೆಲ್ಲನೆಯ ದನಿಯಲ್ಲಿ ಮಾತಾಡಿದರು. ಏನು ಹೇಳಿದರು? ಹೋಗು, ಇಂಥಿಂಥವರನ್ನು ಅಭಿಷೇಕ ಮಾಡು, ಎಲೀಷನನ್ನು ನಿನ್ನ ನಂತರಕ್ಕೆ ನೇಮಿಸು ಎಂದು ಕೆಲಸ ಕೊಟ್ಟರು. ಜೊತೆಗೆ, ನೀನು ಒಬ್ಬನೇ ಉಳಿದಿದ್ದೇನೆ ಅಂತೀಯಲ್ಲ, ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎಂದು ಲೆಕ್ಕವನ್ನೂ ಕೊಟ್ಟರು. ಮೊದಲು ರೊಟ್ಟಿ, ಆಮೇಲೆ ದಾರಿ, ಆಮೇಲೆ ಕೆಲಸ. ದೇವರು ಧೈರ್ಯ ಕೊಡುವ ಕ್ರಮ ಇದು.

ಹಕ್ಕಲು ಆಯ್ದವಳು

ಬರ ಎಂದರೆ ನಮ್ಮ ಸೀಮೆಗೆ ಹೊಸದಲ್ಲ. 1876ರಿಂದ 78ರವರೆಗೆ ಬಿದ್ದ ಧಾತು ಸಂವತ್ಸರದ ಬರದಲ್ಲಿ ಧಾರವಾಡ ಸೀಮೆಯ ಊರುಗಳು ಬರಿದಾದವು. ತಂದೆತಾಯಿ ಸತ್ತ ಮಕ್ಕಳನ್ನು ಬಾಸೆಲ್ ಮಿಷನ್ನಿನವರು ತಮ್ಮ ಅನಾಥಾಲಯಗಳಲ್ಲಿ ಸಾಕಿದರು. ಇವತ್ತಿಗೂ ಮಳೆ ಕೈಕೊಟ್ಟ ವರ್ಷ ರೋಣ, ಗಜೇಂದ್ರಗಡ ಕಡೆಯಿಂದ ದುಡಿಯಲು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುತ್ತಾರೆ.

ಬೈಬಲಿನಲ್ಲಿಯೂ ಅಂಥ ಒಂದು ಮನೆತನ ಇದೆ. ಬೆತ್ಲೆಹೇಮಿನಲ್ಲಿ ಬರ ಬಿತ್ತು. ಎಲೀಮೆಲೆಕ ಹೆಂಡತಿ ನವೊಮಿಯನ್ನು, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮೋವಾಬಿಗೆ ಗುಳೆ ಹೋದ. ಅಲ್ಲಿ ಅವನು ಸತ್ತ. ಮಕ್ಕಳು ಅಲ್ಲಿಯ ಹುಡುಗಿಯರನ್ನು ಲಗ್ನವಾದರು. ಹತ್ತು ವರ್ಷದ ಹೊತ್ತಿಗೆ ಆ ಇಬ್ಬರೂ ಸತ್ತರು. ಉಳಿದದ್ದು ಮೂವರು ವಿಧವೆಯರು. ಊರಲ್ಲಿ ಮಳೆಬೆಳೆ ಆಗಿದೆ ಎಂದು ಕೇಳಿ ನವೊಮಿ ಹೊರಟಳು. ಸೊಸೆಯರಿಗೆ ತವರಿಗೆ ಹೋಗಿರೆಂದಳು. ಒಬ್ಬಳು ಅತ್ತು ಹೋದಳು. ರೂತಳು ಹೋಗಲಿಲ್ಲ, ಅತ್ತೆಯ ಜೊತೆಗೇ ನಡೆದಳು.

ಬೆತ್ಲೆಹೇಮಿಗೆ ಬಂದಾಗ ಊರ ಹೆಂಗಸರು "ಇವಳು ನವೊಮಿ ಅಲ್ಲೇನ?" ಎಂದರು. ನವೊಮಿ ಎಂದರೆ ಆ ಭಾಷೆಯಲ್ಲಿ ಸವಿಯಾದವಳು. ಅವಳು, ನನ್ನನ್ನು ಹಾಗೆ ಕರೆಯಬೇಡಿರಿ, ಮಾರಾ ಎಂದು ಕರೆಯಿರಿ ಎಂದಳು. ಮಾರಾ ಅಂದರೆ ಕಹಿ. ದೇವರೇ ನನ್ನನ್ನು ಬರಿಗೈ ಮಾಡಿ ತಂದರು ಎಂದು ಎಲ್ಲರ ಮುಂದೆ ಹೇಳಿದಳು. ಬೈಬಲ್ ಅವಳ ಆ ಮಾತನ್ನು ಮುಚ್ಚಿಟ್ಟಿಲ್ಲ, ಅದಕ್ಕೆ ಶಿಕ್ಷೆಯನ್ನೂ ಹೇಳಿಲ್ಲ. ಕಹಿಯಾದವಳು ಕಹಿಯಾಗಿದ್ದೇನೆ ಎಂದು ದೇವರ ಮುಂದೆ ಹೇಳಬಹುದು.

ಅವರು ಬಂದದ್ದು ಜವೆಗೋದಿಯ ಸುಗ್ಗಿಯ ಶುರುವಿಗೆ. ರೂತಳು ಕುಳಿತು ಅಳಲಿಲ್ಲ, ಎದ್ದು ಹಕ್ಕಲು ಆಯಲು ಹೋದಳು. ಹಕ್ಕಲು ಆಯುವುದು ನಮ್ಮ ಎರಿಹೊಲದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಶಿಯಾದ ಹೊಲದಲ್ಲಿ ಉಳಿದ ತೆನೆ, ಕಡಲೆ, ಹತ್ತಿಯನ್ನು ಬಗ್ಗಿ ಬಗ್ಗಿ ಆರಿಸುವುದು. ಬಡವರಿಗೆ, ವಿಧವೆಯರಿಗೆ, ಪರಸ್ಥಳದವರಿಗೆ ಹೊಲದ ಅಂಚನ್ನೂ ಉದುರಿದ ತೆನೆಯನ್ನೂ ಬಿಡಬೇಕೆಂದು ಮೋಶೆಯ ಕಟ್ಟಳೆಯಲ್ಲೇ ಇತ್ತು. ಹೊಲದ ಒಡೆಯ ಬೋವಜ ಕಟ್ಟಳೆಗಿಂತ ಹೆಚ್ಚು ಮಾಡಿದ, ಅವಳ ಮುಂದೆ ಬೇಕೆಂದೇ ತೆನೆ ಬೀಳಿಸಿರೆಂದು ಆಳುಗಳಿಗೆ ಹೇಳಿದ. ಮುಂದೆ ಅವಳನ್ನು ಮದುವೆಯಾದ. ಅವರ ಮಗ ಓಬೇದ, ಓಬೇದನ ಮಗ ಜೆಸ್ಸೆ, ಜೆಸ್ಸೆಯ ಮಗ ದಾವೀದರಾಜ. ಯೇಸುಸ್ವಾಮಿ ಹುಟ್ಟಿದ್ದು ಆ ವಂಶದಲ್ಲೇ.

ಇಲ್ಲಿ ಒಂದು ವಿಷಯ ಗಮನಿಸಿರಿ. ನವೊಮಿಗೆ ಸತ್ತ ಮಕ್ಕಳು ತಿರುಗಿ ಬರಲಿಲ್ಲ. ಮೊಮ್ಮಗ ಮಡಿಲಿಗೆ ಬಂದ ಎಂದರೆ ಮಕ್ಕಳನ್ನು ಮರೆತಳು ಎಂದಲ್ಲ. ಹಳೆಯದು ತಿರುಗಿ ಬಂದಾಗ ಮಾತ್ರ ನೆಮ್ಮದಿ ಎಂದು ಕಾಯ್ದಿದ್ದರೆ ಅವಳು ಸಾಯುವ ತನಕ ಮಾರಾ ಆಗಿಯೇ ಇರುತ್ತಿದ್ದಳು. ಒಬ್ಬ ಸೊಸೆ ಒಂದು ಮಡಿಲು ಹಕ್ಕಲು ತಂದ ದಿನವೇ ಬದಲಾವಣೆ ಶುರುವಾಯಿತು.

ಹೊಸ ಊರಲ್ಲಿ ಗಿಡ ಹಚ್ಚಿರಿ

ಆಸರೆ ಮನೆಗೆ ಬಂದಮೇಲೆ ನಮ್ಮ ಅವ್ವ ಒಂದು ವರ್ಷ ಗಂಟು ಬಿಚ್ಚಲಿಲ್ಲ. "ನೀರು ಇಳದಾವಲ್ಲ, ನಡೀರಿ ಊರಿಗೆ ಹೋಗೂಣು" ಎನ್ನುತ್ತಿದ್ದಳು. ಅಲ್ಲಿ ಗೋಡೆ ಇಲ್ಲ, ಮಾಳಿಗೆ ಇಲ್ಲ. ಆದರೂ ಅವಳ ಜೀವ ಅಲ್ಲಿತ್ತು. ಹೊಸ ಮನೆಯ ಅಂಗಳವನ್ನು ಒಂದು ದಿನವೂ ಸಾರಿಸಲಿಲ್ಲ.

ಆಗ ಒಂದು ಭಾನುವಾರ ಪೂಜೆಯಲ್ಲಿ ಯೆರೆಮೀಯನ ಪತ್ರ ಓದಿದರು. ಬಾಬಿಲೋನಿನ ರಾಜ ಜೆರುಸಲೇಮಿನ ಜನರನ್ನು ಸೆರೆ ಹಿಡಿದು ತನ್ನ ದೇಶಕ್ಕೆ ಒಯ್ದಿದ್ದ. ಅವರಿಗೆ ಅಲ್ಲಿ ಏನೂ ರುಚಿಸುತ್ತಿರಲಿಲ್ಲ. ಹನನ್ಯ ಎಂಬ ಒಬ್ಬ ಪ್ರವಾದಿ, ಎರಡೇ ವರ್ಷ, ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದು ಹೇಳುತ್ತಿದ್ದ. ಕೇಳಲಿಕ್ಕೆ ಸಿಹಿ, ಆದರೆ ಸುಳ್ಳು. ಯೆರೆಮೀಯ ಖರೇ ಮಾತು ಬರೆದು ಕಳುಹಿಸಿದ. ಎರಡಲ್ಲ, ಎಪ್ಪತ್ತು ವರ್ಷ. ಅಲ್ಲಿಯ ತನಕ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಪರ ಊರಿನ ಒಳಿತಿಗಾಗಿ ಪ್ರಾರ್ಥಿಸಿ, ಆ ಊರು ಸುಖವಾಗಿದ್ದರೆ ನೀವೂ ಸುಖವಾಗಿರುತ್ತೀರಿ. ಪತ್ರದ ತಾತ್ಪರ್ಯ ಇದು.

ನಾನು ಮನೆಗೆ ಹೋಗಿ ಅವ್ವನಿಗೆ ನನಗೆ ತಿಳಿದ ಹಾಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ನಾಲ್ಕು ದಿನ ಬಿಟ್ಟು ಹಳೆಯ ಊರಿಗೆ ಹೋಗಿ, ಬಿದ್ದ ಮನೆಯ ಹಿತ್ತಲಲ್ಲಿ ಉಳಿದಿದ್ದ ನುಗ್ಗಿಯ ಗಿಡದಿಂದ ಒಂದು ಕೊಂಬೆ ಕಡಿದು ತಂದಳು. ಹೊಸ ಮನೆಯ ಅಂಗಳದಲ್ಲಿ ನೆಟ್ಟು ತುದಿಗೆ ಸೆಗಣಿ ಮೆತ್ತಿದಳು. ಆ ದಿನ ಅಂಗಳ ಸಾರಿಸಿದಳು. ಈಗ ಅವ್ವ ಇಲ್ಲ. ನುಗ್ಗಿಯ ಗಿಡ ಇದೆ, ಓಣಿಯ ಎಲ್ಲರ ಸಾರಿಗೂ ಕಾಯಿ ಕೊಡುತ್ತದೆ.

ಬದಲಾವಣೆಯನ್ನು ಒಪ್ಪುವುದೆಂದರೆ ಹಳೆಯದನ್ನು ಬಿಟ್ಟುಕೊಟ್ಟಂತೆ ಎಂದು ನಾವು ಹೆದರುತ್ತೇವೆ. ಹಾಗಲ್ಲ. ಹಳೆಯ ಗಿಡದ ಕೊಂಬೆಯನ್ನು ಹೊಸ ನೆಲದಲ್ಲಿ ನೆಡಬಹುದು.

ಸುಟ್ಟುಹೋದ ಕನ್ನಡ ಬೈಬಲ್

ಇನ್ನೊಂದು ವಿಷಯ ಹೇಳುತ್ತೇನೆ. ಇದು ಬೈಬಲಿನ ಒಳಗಿನ ಕಥೆಯಲ್ಲ, ಕನ್ನಡದ ಬೈಬಲಿನದೇ ಕಥೆ.

ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಎಂಬವರು ಅನೇಕ ಭಾರತೀಯ ಭಾಷೆಗಳಿಗೆ ಬೈಬಲನ್ನು ತರುವ ಕೆಲಸ ಮಾಡುತ್ತಿದ್ದರು. ಅವುಗಳಲ್ಲಿ ನಮ್ಮ ಕನ್ನಡವೂ ಒಂದು. 1812ರ ಮಾರ್ಚ್ 11ರಂದು ಅವರ ಛಾಪಖಾನೆಗೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಸುಟ್ಟವು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಆ ಬೆಂಕಿಯಲ್ಲಿ ಹೋಯಿತು. ಬೂದಿಯನ್ನು ಕೆದರಿದಾಗ ಅಕ್ಷರ ಎರಕ ಹೊಯ್ಯುವ ಅಚ್ಚುಗಳು ಕೆಡದೆ ಸಿಕ್ಕವು. ಕರಗಿ ಗಟ್ಟಿಯಾದ ಸೀಸವನ್ನೇ ಮತ್ತೆ ಕಾಸಿ ಹೊಸ ಮೊಳೆ ಎರಕ ಹೊಯ್ದರು. ಕೆಲವೇ ವಾರಗಳಲ್ಲಿ ಮತ್ತೆ ಅಚ್ಚಿನ ಕೆಲಸ ಶುರುವಾಯಿತು, ಕೇರಿಯವರು ಅನುವಾದವನ್ನು ಮತ್ತೆ ಮೊದಲಿನಿಂದ ಹಿಡಿದರು. ಇತ್ತ ನಮ್ಮ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬವರೂ 1810ರಿಂದ ಕನ್ನಡ ಕಲಿತು ಇದೇ ಕೆಲಸಕ್ಕೆ ಕುಳಿತಿದ್ದರು. ಹೀಗೆ ಸುಟ್ಟ ಕೆಲಸವೂ ಸುಡದ ಕೆಲಸವೂ ಕೂಡಿ ಕನ್ನಡಿಗರ ಕೈಗೆ ಬೈಬಲ್ ಬಂತು.

ನಮ್ಮ ಹುಬ್ಬಳ್ಳಿ, ಧಾರವಾಡಗಳಲ್ಲೂ ಮಂಗಳೂರಿನಲ್ಲೂ ಸೇವೆ ಮಾಡಿದ ಫರ್ಡಿನಾಂಡ್ ಕಿಟೆಲ್ ಅವರ ಹೆಸರು ನಿಮಗೆ ಗೊತ್ತು. ಅವರ ಹೆಂಡತಿ ಪೌಲಿನ್ 1864ರಲ್ಲಿ ಈ ದೇಶದಲ್ಲೇ ತೀರಿಕೊಂಡರು. ಮದುವೆಯಾಗಿ ನಾಲ್ಕೇ ವರ್ಷ. ಅದಕ್ಕೆ ಮೂವತ್ತು ವರ್ಷ ಕಳೆದು 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಶಬ್ದಗಳು. ಆ ದುಃಖದ ವಿಷಯ ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ದಿನಕ್ಕೆ ಕೆಲವು ಶಬ್ದ, ಮರುದಿನ ಮತ್ತೆ ಕೆಲವು ಶಬ್ದ, ಹಾಗೆ ಕೆಲಸ ನಡೆದಿರಬೇಕು. ರಿಜಿಸ್ಟರು ಬರೆಯುವ ನನ್ನಂಥವನಿಗೆ ಅದರಲ್ಲಿ ದೊಡ್ಡ ಸಮಾಧಾನವಿದೆ. ಒಂದು ಸಾಲು ಬರೆದರೆ ಆ ದಿನಕ್ಕೆ ಅದೇ ಧೈರ್ಯ.

ಹೊಳೆ ದಾಟುವ ಮುಂಚೆ ಬುತ್ತಿ

ಮೋಶೆಗಾಗಿ ಅತ್ತ ಮೂವತ್ತು ದಿನ ಮುಗಿದ ಮೇಲೆ ದೇವರು ಯೆಹೋಶುವನನ್ನು ಕರೆದರು. ಪಾಪ, ದೊಡ್ಡ ನಾಯಕನ ಜಾಗದಲ್ಲಿ ನಿಲ್ಲಬೇಕಾದವನು. ಧೈರ್ಯವಾಗಿರು ಎಂದು ದೇವರು ಅವನಿಗೆ ಒಮ್ಮೆ ಹೇಳಲಿಲ್ಲ, ಮೂರು ಸಲ ಹೇಳಿದರು. ನಾಲ್ಕನೆಯ ಸಲ ಅವನ ಜನರೇ ಅವನಿಗೆ ಹೇಳಿದರು. ಒಮ್ಮೆಗೇ ಸಿಗುವ ಹಾಗಿದ್ದರೆ ನಾಲ್ಕು ಸಲ ಯಾಕೆ ಹೇಳಬೇಕಿತ್ತು? ಆದ್ದರಿಂದ ನಿನ್ನೆ ಬಂದ ಧೈರ್ಯ ಇವತ್ತು ಹೋಯಿತು ಎಂದು ನಾಚಿಕೊಳ್ಳಬೇಡಿರಿ. ಮತ್ತೆ ಕೇಳಿರಿ. ದೇವರಿಗೆ ಬೇಸರವಿಲ್ಲ.

ಆಮೇಲೆ ಯೆಹೋಶುವ ಜನರಿಗೆ ಕೊಟ್ಟ ಮೊದಲನೆಯ ಅಪ್ಪಣೆ ಏನು ಗೊತ್ತೇ? ಬುತ್ತಿ ಸಿದ್ಧ ಮಾಡಿಕೊಳ್ಳಿ, ಮೂರು ದಿನದೊಳಗೆ ಯೊರ್ದನ್ ಹೊಳೆ ದಾಟಬೇಕು ಎಂದು. ಇಲ್ಲಿಯೂ ಮೊದಲು ರೊಟ್ಟಿ, ಆಮೇಲೆ ದಾರಿ! ಅದು ಸುಗ್ಗಿಯ ಕಾಲ, ಯೊರ್ದನ್ ದಡ ಮೀರಿ ಹರಿಯುತ್ತಿತ್ತು. ಯಾಜಕರ ಕಾಲು ನೀರಿಗೆ ತಾಗಿದ ಮೇಲೆಯೇ ನೀರು ನಿಂತಿತು, ಮೊದಲೇ ನಿಲ್ಲಲಿಲ್ಲ. (ತುಂಬಿದ ಮಲಪ್ರಭೆಗೆ ಕಾಲಿಡಿರಿ ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿರಿ. ಪೊಲೀಸರು, ಕಂದಾಯದವರು ಎದ್ದು ನಡೆಯಿರಿ ಎಂದಾಗ ಎದ್ದು ನಡೆಯುವುದೂ ದೇವರ ಮಾತನ್ನು ಕೇಳಿದಂತೆಯೇ.)

ಕಡೆಯದಾಗಿ ಪೇತ್ರನನ್ನು ನೋಡಿರಿ. ಸ್ವಾಮಿಯನ್ನು ಮೂರು ಸಲ ಅರಿಯೆನೆಂದವನು. ಸ್ವಾಮಿ ಸತ್ತು ಪುನರುತ್ಥಾನರಾದರೂ ಅವನ ಮನಸ್ಸಿನ ಭಾರ ಇಳಿದಿರಲಿಲ್ಲ. ಮೀನು ಹಿಡಿಯಲು ಹೋಗುತ್ತೇನೆ ಎಂದು ಹಳೆಯ ದೋಣಿ ಹತ್ತಿದ. ರಾತ್ರಿಯೆಲ್ಲ ಏನೂ ಸಿಗಲಿಲ್ಲ. ಬೆಳಗಾದಾಗ ದಂಡೆಯ ಮೇಲೆ ಯಾರೋ ನಿಂತಿದ್ದರು. ಅವರು ಹೇಳಿದ ಕಡೆ ಬಲೆ ಬೀಸಿದರೆ 153 ದೊಡ್ಡ ಮೀನು. ದಡಕ್ಕೆ ಬಂದರೆ ಕೆಂಡ ಹೊತ್ತಿಸಿದೆ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಸ್ವಾಮಿ ಬಂದು ಊಟ ಮಾಡಿರಿ ಎಂದರು. ಪೇತ್ರನಿಗೆ ಆ ಮೂರು ಪ್ರಶ್ನೆ ಕೇಳಿದ್ದು ಊಟವಾದ ಮೇಲೆ. ಅದರ ಜೊತೆಗೇ ಕುರಿ ಕಾಯುವ ಕೆಲಸ ಕೊಟ್ಟರು. ಎಲೀಯನಿಗೆ ಅಡವಿಯಲ್ಲಿ ಕೆಂಡದ ಮೇಲೆ ರೊಟ್ಟಿ ಇಟ್ಟ ದೇವರೇ ಪೇತ್ರನಿಗೂ ಸರೋವರದ ದಂಡೆಯಲ್ಲಿ ಇಟ್ಟರು. ನಮ್ಮ ಬಾಗಿಲ ಹೊರಗೂ ಇಡುತ್ತಾರೆ. ತಂದಿಡುವ ಕೈ ಮಾತ್ರ ನೆರೆಯವರದು.

ಗುಡ್ಡ ಇಳಿಯುವಾಗ

ಪ್ರಿಯ ಯಾತ್ರಿಕರೇ, ಹತ್ತುವಾಗ ನೀವು ಐದನೆಯ ಸ್ಥಳದಲ್ಲಿ ನಿಂತಿರಿ. ಅಲ್ಲಿ ಸಿರೇನ್ ಊರಿನ ಸಿಮೋನ ಸ್ವಾಮಿಯ ಶಿಲುಬೆಗೆ ಹೆಗಲು ಕೊಟ್ಟ. ಶಿಲುಬೆ ಹಾದಿಯಲ್ಲಿ ಸ್ವಾಮಿ ಮೂರು ಸಲ ಬೀಳುವುದನ್ನು ಧ್ಯಾನಿಸಿದಿರಿ. ದೇವರ ಮಗನೇ ಬಿದ್ದರು, ಇನ್ನೊಬ್ಬರ ಹೆಗಲು ಪಡೆದರು. ನಾವು ಬಿದ್ದರೆ, ಇನ್ನೊಬ್ಬರ ಸಹಾಯ ಪಡೆದರೆ ನಾಚಿಕೆ ಏತಕ್ಕೆ?

ಆದ್ದರಿಂದ ಇಳಿದು ಹೋದಮೇಲೆ ಮೂರು ಕೆಲಸ ಮಾಡಿರಿ. ಒಂದು, ನೀವು ಕಳೆದುಕೊಂಡವರಾದರೆ ಹೊತ್ತಿಗೆ ಸರಿಯಾಗಿ ಒಂದು ರೊಟ್ಟಿ ತಿನ್ನಿರಿ, ನಿದ್ದೆ ಮಾಡಿರಿ. ಸಾಯಬೇಕೆನಿಸಿದರೆ ಎಲೀಯನ ಹಾಗೆ ಅಡವಿಯಲ್ಲಿ ಒಬ್ಬರೇ ಕೂಡಬೇಡಿರಿ. ಮನೆಯವರಿಗೆ ಹೇಳಿರಿ, ಗುರುಗಳಿಗೆ ಹೇಳಿರಿ, ಡಾಕ್ಟರಿಗೆ ತೋರಿಸಿರಿ. ಎರಡು, ದೊಡ್ಡ ದಾರಿ ಕಾಣದಿದ್ದರೆ ಒಂದು ಸಣ್ಣ ಕೆಲಸ ಮಾಡಿರಿ: ಅಂಗಳ ಗುಡಿಸಿರಿ, ಒಂದು ಗಿಡ ಹಚ್ಚಿರಿ, ಒಂದು ಮಡಿಲು ಹಕ್ಕಲು ಆಯಿರಿ. ಮೂರು, ನಿಮ್ಮ ಓಣಿಯಲ್ಲಿ ಯಾರಾದರೂ ಕಳೆದುಕೊಂಡಿದ್ದರೆ ಉಪದೇಶ ಒಯ್ಯಬೇಡಿರಿ, ಬುತ್ತಿ ಒಯ್ಯಿರಿ. ಯಾರ ಬಾಗಿಲಿಗೆ ನಿಮ್ಮ ಬುತ್ತಿ ಹೋಗಬೇಕಾಗಿದೆ ಎಂದು ಇಲ್ಲಿಯೇ ಕುಳಿತು ನೆನಪು ಮಾಡಿಕೊಳ್ಳಿರಿ.

ಆ ನರಗುಂದ ಕಡೆಯ ತಾಯಿ ಮರುವರ್ಷ ಮತ್ತೆ ಬಂದರು. ಗುರುತು ಹಿಡಿದೆ. "ಧೈರ್ಯ ಬಂತೇನವ್ವಾ?" ಎಂದೆ. "ಬಂದದೋ ಇಲ್ಲೋ ಗೊತ್ತಿಲ್ಲರೀ ಅಣ್ಣಾರ. ಹೊಲಾ ಬಿತ್ತೇನಿ" ಎಂದರು. ನಾನು ರಿಜಿಸ್ಟರು ಮುಂದಕ್ಕೆ ಎಳೆದುಕೊಂಡು "ಏನಂತ ಬರಕೊಳ್ಳಲಿ?" ಎಂದು ಕೇಳಿದೆ. "ಮಳಿ" ಎಂದರು.

ಪ್ರಾರ್ಥನೆ

ಕರುಣೆಯುಳ್ಳ ಪ್ರಭುವೇ, ಲಾಜರನ ಸಮಾಧಿಯ ಬಳಿ ಅತ್ತವರು ನೀವು. ಈ ಗುಡ್ಡಕ್ಕೆ ಕಣ್ಣೀರು ಹೊತ್ತು ಬಂದವರನ್ನು ನೋಡಿರಿ. ಹೋದವರಿಗೆ ನಿಮ್ಮ ಸನ್ನಿಧಿಯಲ್ಲಿ ಶಾಂತಿ ಕೊಡಿರಿ. ಉಳಿದವರಿಗೆ ಈ ಹೊತ್ತಿನ ರೊಟ್ಟಿ ಕೊಡಿರಿ, ನಾಳೆಯ ದಾರಿ ತೋರಿಸಿರಿ. ಹೊಳೆಸಾಲಿನ ಊರುಗಳನ್ನು, ಮಳೆ ಕಾಯುವ ಎರಿಹೊಲಗಳನ್ನು, ದುಡಿಯಲು ದೂರ ಹೋದ ಮಕ್ಕಳನ್ನು ಕಾಪಾಡಿರಿ. ನಮ್ಮ ಕೈಗಳನ್ನು ನೆರೆಯವರ ಬಾಗಿಲಿಗೆ ಬುತ್ತಿ ತರುವ ಕೈಗಳನ್ನಾಗಿ ಮಾಡಿರಿ. ಆಮೆನ್.

ಬರೆದದ್ದರಲ್ಲಿ ತಪ್ಪಿದ್ದರೆ ಓದುಗರು ಮನ್ನಿಸಬೇಕು. ಇಳಿಯುವಾಗ ಮೆಟ್ಟಿಲು ನೋಡಿ ಇಳಿಯಿರಿ, ಮಕ್ಕಳ ಕೈ ಹಿಡಿದುಕೊಳ್ಳಿರಿ. ಸುಖವಾಗಿ ಹೋಗಿ ಬನ್ನಿರಿ.